ಚಳಿಗಾಲಕ್ಕೆ ರಜೆ ಹಾಕುವ ಹುಳ

ಮೀನುಮರಿಯ ಕಣ್ಣು ಸಾಸಿವೆಗಿಂತ ತುಸು ದೊಡ್ಡದು, ಅಷ್ಟೇ. ಅದನ್ನು ಚಿಮಟದಲ್ಲಿ ಹುಷಾರಾಗಿ ಕಿತ್ತು, ಒಳಗಿನ ಮಸೂರವನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಒತ್ತಿ, ಮೈಕ್ರೋಸ್ಕೋಪಿನ ಕೆಳಗಿಟ್ಟು, ಒಳಗೆ ಎಷ್ಟು ಹುಳ ಮಿಸುಕಾಡುತ್ತಿವೆ ಎಂದು ಎಣಿಸಬೇಕು. ಇಂಥ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡು ತಿಂಗಳು ತಿಂಗಳು ಸಂಬಳ ಕೊಡುತ್ತಾರೆ ಎಂದರೆ ನೀವು ನಂಬುತ್ತೀರಾ? ಆ ಕೆಲಸದವಳು ಹುಳದಕ್ಕ, ಅವಳ ಅತ್ತೆಯೂ ನಂಬಿರಲಿಲ್ಲ. "ಮೀನಿನ ಕಣ್ಣಲ್ಲಿ ಹುಳ ಹುಡುಕೋದಂತೆ, ಅದಕ್ಕೆ ಸಂಬಳವಂತೆ! ಹುಡುಗಿ ಏನೋ ಮುಚ್ಚಿಡ್ತಿದ್ದಾಳೆ," ಎಂದು ಮದುವೆಗೆ ಮುಂಚೆಯೇ ಸಾರಿದ್ದರು. ಅವರ ಮಗ ಅದೇ ಆಫೀಸಿನಲ್ಲಿ ಹೊಳೆಗೆ ಬಲೆ ಬೀಸುವ ಕೆಲಸದಲ್ಲಿದ್ದ, ಹೌದೌದು ಎಂದು ಸಾಕ್ಷಿಯನ್ನೂ ಹೇಳಿದ. ಆದರೆ ಅವನ ಮಾತನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಲೆಕ್ಕಕ್ಕೆ ಹಿಡಿದವರಲ್ಲ.

ಆಫೀಸು ಎಂದರೆ ಹೊಳೆಯ ದಂಡೆಯ ಮೀನು ಸಂಶೋಧನಾ ಕೇಂದ್ರ. ಎದುರಿಗೆ ದೊಡ್ಡ ಬೋರ್ಡು, ಹಿಂದೆ ಮರಿ ಸಾಕುವ ತೊಟ್ಟಿಗಳು, ನಡುವೆ ಸ್ಪಿರಿಟ್ ವಾಸನೆ ಹೊಡೆಯುವ ಒಂದು ಕೋಣೆ. ಆ ಕೋಣೆಯ ಕಿಟಕಿ ಪಕ್ಕದ ಸ್ಟೂಲಿನ ಒಂದು ಕಾಲು ಗಿಡ್ಡ, ಅದರಡಿ ಮಡಚಿದ ರಟ್ಟು. ಹುಳದಕ್ಕ ಡಿಗ್ರಿ ಮುಗಿಸಿ ಬಂದು ಆ ಸ್ಟೂಲಿನ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಅತ್ತೆಯ ಮಗ ಬಲೆರಾಯ ಮರಿ ಹಿಡಿದು ಡಬ್ಬಿಯಲ್ಲಿ ತರುತ್ತಿದ್ದ, ಇವಳು ಕೊಯ್ಯುತ್ತಿದ್ದಳು. ಒಬ್ಬರು ಹಿಡಿಯುವುದು, ಇನ್ನೊಬ್ಬರು ಕೊಯ್ಯುವುದು. ದಾಂಪತ್ಯಕ್ಕೆ ಇದಕ್ಕಿಂತ ಒಳ್ಳೆಯ ತರಬೇತಿ ಇನ್ನೆಲ್ಲಿ ಸಿಗುತ್ತದೆ ಹೇಳಿ. ಎರಡನೇ ವರ್ಷಕ್ಕೆ ಮದುವೆಯಾಯಿತು.

ಈ ಹುಳದ ಸಂಸಾರವೂ ಸ್ವಲ್ಪ ಗೊತ್ತಿರಲಿ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೀನು ತಿನ್ನುವ ಹಕ್ಕಿಯ ಹೊಟ್ಟೆಯಲ್ಲಿ ದೊಡ್ಡ ಹುಳ ಇರುತ್ತದೆ. ಹಕ್ಕಿಯ ಹಿಕ್ಕೆಯ ಜೊತೆ ಅದರ ಮೊಟ್ಟೆ ನೀರಿಗೆ ಬೀಳುತ್ತದೆ. ಅಲ್ಲಿಂದ ಬಸವನಹುಳುವಿನ ಮೈಗೆ ಹೊಗುತ್ತದೆ, ಉಂಡು ತಿಂದು ಹೆಚ್ಚಿ, ಒಂದು ಬಿಸಿಲಿನ ದಿನ ಹೊರಗೆ ಈಜಿಬಂದು ಮೀನುಮರಿಯ ಕಣ್ಣು ಸೇರುತ್ತದೆ. ಕಣ್ಣು ಮಂಜಾಗುತ್ತದೆ. ಕಾಣದ ಮರಿ ನೀರಿನ ಮೇಲೆಯೇ ತೇಲಾಡುತ್ತದೆ, ಹಕ್ಕಿ ಬಂದು ಎತ್ತಿಕೊಂಡು ಹೋಗುತ್ತದೆ. ಹುಳ ತವರಿಗೆ ಬಂದು ಸೇರಿತು. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವ ಪ್ರಾಣಿ ಆ ಆಫೀಸಿನಲ್ಲಿ ಬೇರೊಂದು ಇರಲಿಲ್ಲ.

ಹುಳದಕ್ಕನ ಕೆಲಸ ಯಾವ ಕಾಲದಲ್ಲಿ ಎಷ್ಟು ಹುಳ ಎಂದು ನೋಡುವುದು. ಬೇಸಿಗೆಯ ಕೊನೆಗೆ ಒಂದೊಂದು ಕಾಣಿಸಿಕೊಳ್ಳುತ್ತಿತ್ತು, ಮಳೆ ನಿಂತ ಮೇಲೆ ಕಣ್ಣಿನ ತುಂಬ. ಚಳಿ ಬಿತ್ತೆಂದರೆ, ಏನಾಶ್ಚರ್ಯ, ಒಂದೂ ಇಲ್ಲ! ಡಬ್ಬಿಗಟ್ಟಲೆ ಮರಿ ಕೊಯ್ದರೂ ಕಣ್ಣು ಗಾಜಿನಷ್ಟು ತಿಳಿ. ವರ್ಷಾ ವರ್ಷಾ ಇದೇ ಕಥೆ. ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಮಾತ್ರ ಹುಳ ಸಿಕ್ಕಿತ್ತು. ಅದನ್ನು ಅವಳು ಹೊಸಬಳ ಕೈತಪ್ಪು, ಗಾಜು ಸರಿಯಾಗಿ ತೊಳೆದಿರಲಿಲ್ಲ ಎಂದು ತಳ್ಳಿಹಾಕಿದ್ದಳು. ನಮಗೆ ಬೇಡದ ಸತ್ಯ ಬಂದಾಗ ಗಾಜು ಯಾವಾಗಲೂ ಕೊಳಕೇ ಇರುತ್ತದೆ.

ಯಾಕೆ ಹೀಗೆ ಎಂದು ಯೋಚಿಸಿ ಯೋಚಿಸಿ ಅವಳೊಂದು ಸಿದ್ಧಾಂತ ಕಟ್ಟಿದಳು. ಹುಳ ಹೊಕ್ಕ ಕುರುಡು ಮರಿಗಳನ್ನೆಲ್ಲ ಹಕ್ಕಿಗಳು ಚಳಿಗಾಲಕ್ಕೆ ಮುಂಚೆಯೇ ಹೆಕ್ಕಿ ತಿಂದು ಮುಗಿಸುತ್ತವೆ. ಉಳಿಯುವುದು ಗಟ್ಟಿಮುಟ್ಟಾದ ಮರಿಗಳು ಮಾತ್ರ. ಕೇಳುವುದಕ್ಕೆ ಚೆನ್ನಾಗಿದೆ, ಅಲ್ಲವೇ? ನಿರ್ದೇಶಕರಿಗೂ ಚೆನ್ನಾಗಿ ಕೇಳಿಸಿತು. ಅವರೇ ಅದಕ್ಕೆ 'ಚಳಿಗಾಲದ ಶುದ್ಧಿ' ಎಂದು ನಾಮಕರಣ ಮಾಡಿದರು. ನಾಮಕರಣ ಮಾಡಿದವರು ತಂದೆಯ ಜಾಗದಲ್ಲಿ ಕೂರುವುದು ಸಹಜ ತಾನೆ, ಪ್ರಕಟವಾದ ಲೇಖನಗಳಲ್ಲಿ ಅವರ ಹೆಸರು ಮೊದಲು ಬಂತು.

ಹುಳದಕ್ಕನಿಗೆ ಅದರಿಂದೇನೂ ಬೇಸರವಿರಲಿಲ್ಲ. ಜಂಬ ಕೊಚ್ಚಿಕೊಳ್ಳಲು ಮನೆ ಇತ್ತು. ಊಟಕ್ಕೆ ಕೂತರೆ ಚಳಿಗಾಲದ ಶುದ್ಧಿ, ಬಟ್ಟೆ ಒಣಗಹಾಕುವಾಗ ಚಳಿಗಾಲದ ಶುದ್ಧಿ. ಮನೆಯಲ್ಲಿ ಯಾರಿಗಾದರೂ ನೆಗಡಿಯಾದರೆ, "ನೋಡಿ, ಗಟ್ಟಿಯಿದ್ದೋರು ಉಳೀತಾರೆ," ಎನ್ನುತ್ತಿದ್ದಳು. ಅತ್ತೆ ಮೂಗು ಒರೆಸಿಕೊಳ್ಳುತ್ತ, "ಹಾಗಾದ್ರೆ ನನ್ನ ಹಕ್ಕಿಗೆ ಹಾಕಿಬಿಡಮ್ಮ," ಎನ್ನುತ್ತಿದ್ದರು. ಬಲೆರಾಯ ಮಾತ್ರ ಈ ವಿಷಯ ಬಂದಾಗಲೆಲ್ಲ ತಟ್ಟೆ ತೊಳೆಯಲು ಏಳುತ್ತಿದ್ದ. ಎಂಥ ಒಳ್ಳೆಯ ಗಂಡ ಎಂದು ಇವಳು ಹಿಗ್ಗುತ್ತಿದ್ದಳು.

ಹೀಗಿರುವಾಗ ನಿರ್ದೇಶಕರಿಗೆ ನಿವೃತ್ತಿ ಹತ್ತಿರ ಬಂತು. ಹೋಗುವ ಮುಂಚೆ ಏನಾದರೂ ಘನಕಾರ್ಯ ಮಾಡಬೇಕಲ್ಲ. ತೊಟ್ಟಿಯಲ್ಲಿ ಸಾಕಿದ ಮರಿಗಳನ್ನು ಇದುವರೆಗೆ ಕೆಳಗಿನ ಕೆರೆಗಳಿಗೆ ಬಿಡುತ್ತಿದ್ದರು. ಈ ಸಲ ಅಷ್ಟನ್ನೂ ಚಳಿಗಾಲದಲ್ಲಿ, ಹುಳವಿಲ್ಲದ ಶುದ್ಧ ಹೊಳೆಗೇ ಬಿಡುವುದೆಂದು ತೀರ್ಮಾನವಾಯಿತು, ಮುಂದಿನ ಹುಳ ಬರುವಷ್ಟರಲ್ಲಿ ಮರಿ ಬಲಿತಿರುತ್ತವೆ ಎಂಬ ಲೆಕ್ಕ. ಹೊಳೆಯಲ್ಲಿ ಮೀನು ಕಡಿಮೆಯಾಗಿ ದಂಡೆಯ ಮನೆಗಳಲ್ಲಿ ಬಲೆಗಳು ಒಣಗುತ್ತಿದ್ದವು. ಆ ವರ್ಷದ ಮರಿಗಳ ಮೇಲೆ ಅವರೆಲ್ಲರ ಕಣ್ಣಿತ್ತು. ಸೋಮವಾರ ಬೆಳಗ್ಗೆ ಸಮಾರಂಭ, ಮೇಲಧಿಕಾರಿಗಳು ಬರುವವರು, ಬ್ಯಾನರಿನ ಮೇಲೆ ಸಿದ್ಧಾಂತದ ಹೆಸರು. ಹುಳದಕ್ಕನ ಬಡ್ತಿಯ ಕಾಗದವೂ ಅಂದೇ ಕೈಗೆ ಬರುವುದೆಂದು ಸುದ್ದಿ.

ಆ ಸೋಮವಾರಕ್ಕೆ ಇನ್ನೂ ವಾರವಿದೆ ಎನ್ನುವಾಗ, ಇಪ್ಪತ್ತಕ್ಕೂ ಹೆಚ್ಚು ವರ್ಷ ಹೊಳೆಯ ಪಾಚಿಗಲ್ಲುಗಳ ಮೇಲೆ ಜಾರದ ಬಲೆರಾಯ ಸ್ವಂತ ಬಚ್ಚಲುಮನೆಯಲ್ಲಿ ಸೋಪಿನ ಮೇಲೆ ಕಾಲಿಟ್ಟು ಬಿದ್ದ. ಪಾದ ಕುಂಬಳಕಾಯಿಯ ಹಾಗೆ ಊದಿತು. ಸಮಾರಂಭಕ್ಕೆ ಮುಂಚೆ ಕೊನೆಯ ಸಲ ಹೊಳೆಯ ಮರಿ ಕೊಯ್ದು ನೋಡಬೇಕಿತ್ತು. ಬಲೆಯನ್ನು ಆಫೀಸಿನ ಡ್ರೈವರ್ ಕೈಗೆ ಕೊಟ್ಟರು.

ಡ್ರೈವರ್ ಗೊಣಗುವುದರಲ್ಲಿ ಗಟ್ಟಿಗ. "ಗಾಡಿ ಓಡಿಸೋಕೆ ಬಂದೋನನ್ನ ಹೊಳೆಗೆ ಇಳಿಸ್ತಾರಲ್ಲ," ಎಂದು ದಾರಿಯುದ್ದಕ್ಕೂ ಗೊಣಗಿದ. ಗೊಣಗುತ್ತಲೇ ಇಳಿದ, ನಡುಗುತ್ತಲೇ ಮರಿ ಹಿಡಿದು ತಂದ. ಹುಳದಕ್ಕ ಮೊದಲನೇ ಕಣ್ಣು ಒತ್ತಿ ನೋಡಿದಳು. ಕಣ್ಣಿನ ತುಂಬ ಹುಳ. ಎರಡನೆಯದು, ಮೂರನೆಯದು, ಅವೂ ಅಷ್ಟೇ. ಸಂತೆ ಸೇರಿದ ಹಾಗೆ ಮಿಸುಕಾಡುತ್ತಿದ್ದವು.

"ಎಲ್ಲಿಂದ ತಂದೆಯಪ್ಪ ಇದನ್ನ? ಚರಂಡಿಯಿಂದ್ಲಾ?"

"ಅಕ್ಕ, ಸೊಂಟದವರೆಗೂ ಹೊಳೆಗಿಳಿದಿದ್ದೀನಿ. ಬೇಕಾದ್ರೆ ಪ್ಯಾಂಟ್ ಹಿಂಡಿ ತೋರಿಸ್ಲಾ?"

"ಹೋಗು, ಇನ್ನೊಂದ್ಸಲ ತಾ."

ಅವನು ಮತ್ತೆ ಹೋದ, ಮತ್ತೆ ನೆನೆದ, ಮತ್ತೆ ಅವೇ ಹುಳಗಳನ್ನು ತಂದ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಹುಳದಕ್ಕ ಅವನ ಬಲೆ ಸರಿಯಿಲ್ಲ, ಡಬ್ಬಿ ಸರಿಯಿಲ್ಲ, ಕೊನೆಗೆ ಅವನ ಗ್ರಹಚಾರವೇ ಸರಿಯಿಲ್ಲ ಎಂದಳು. ಮರುದಿನ ಬೆಳಗ್ಗೆ ಬಟ್ಟೆ ಎತ್ತಿ ಕಟ್ಟಿಕೊಂಡು ತಾನೇ ಇಳಿದಳು. ಅಬ್ಬಬ್ಬಾ, ಆ ನೀರಿನ ಚಳಿ! ಮೂಳೆಯೊಳಗೆ ಯಾರೋ ಸೂಜಿ ಹಾಕಿ ತಿರುವಿದಂತಾಯಿತು. ಹಲ್ಲು ಕಟಕಟ ಎನ್ನುತ್ತಿರುವಾಗಲೇ ಒಂದು ಹಿಡಿ ಮರಿ ಸಿಕ್ಕಿದವು. ಕೋಣೆಗೆ ಬಂದು ಗಾಜನ್ನು ಮೂರು ಮೂರು ಸಲ ತೊಳೆದು ನೋಡಿದಳು, ಅವೇ ಹುಳ. ಈ ಸಲ ಬೈಯಲು ಡ್ರೈವರೂ ಇರಲಿಲ್ಲ.

ಹಾಗಾದರೆ ಇಷ್ಟು ವರ್ಷದ ತಿಳಿಗಣ್ಣಿನ ಮರಿಗಳು ಎಲ್ಲಿಯವು? ಈ ಪ್ರಶ್ನೆಗೆ ಉತ್ತರ ಸಂಶೋಧನಾ ಕೇಂದ್ರದಲ್ಲಿರಲಿಲ್ಲ. ಮನೆಯಲ್ಲಿ, ಮಂಚದ ಮೇಲೆ, ಎರಡು ದಿಂಬಿನ ಮೇಲೆ ಕಾಲಿಟ್ಟುಕೊಂಡು ಮಲಗಿತ್ತು.

"ರೀ, ಚಳಿಗಾಲದಲ್ಲಿ ಮರಿ ಎಲ್ಲಿಂದ ತರ್ತಿದ್ರಿ?"

"ಹೊಳೆಯಿಂದ."

"ಹೊಳೆಯಲ್ಲಿ ಎಲ್ಲಿಂದ?"

ಬಲೆರಾಯ ದಿಂಬು ಸರಿಮಾಡಿಕೊಂಡ. ತಟ್ಟೆ ತೊಳೆಯಲು ಏಳೋಣವೆಂದರೆ ಕಾಲು ನೆಲಕ್ಕೆ ಊರುವಂತಿರಲಿಲ್ಲ. "ಪಂಪ್‌ಹೌಸ್ ಹಿಂದೆ ಕೊಳ ಇದೆಯಲ್ಲ, ಅಲ್ಲಿಂದ," ಎಂದ. ಹುಳದಕ್ಕ ಬಾಯಿ ತೆರೆಯುವ ಮುಂಚೆಯೇ, "ಅದೂ ಹೊಳೆ ನೀರೇ ತಾನೆ? ಮರಿಗಳು ಕೂದಲಷ್ಟಿರುವಾಗ ಪಂಪಿನ ನೀರಿನ ಜೊತೆ ಬಂದು ಅಲ್ಲೇ ಬೆಳೀತವೆ. ಆಫೀಸಿನೋರು ಕೇಳಿದ್ದು ಹೊಳೆ ಮೀನು. ಅದು ಹೊಳೆ ಮೀನೇ," ಎಂದು ಸೇರಿಸಿದ.

ಹುಳದಕ್ಕ ಅಲ್ಲೇ ಗೋಡೆಗೊರಗಿ ಕುಕ್ಕರಿಸಿದಳು. ಪಂಪ್‌ಹೌಸಿನ ಕೊಳ ಅವಳಿಗೂ ಗೊತ್ತು, ಊರಿಗೆ ಕೊಡುವ ಹೊಳೆ ನೀರನ್ನು ತುಂಬಿಸಿಡುವುದು ಅಲ್ಲಿ. ಪ್ರತಿ ಬೇಸಿಗೆಯಲ್ಲಿ ಅದನ್ನು ಬರಿದು ಮಾಡಿ, ಗೋಡೆ ಉಜ್ಜಿ, ಸುಣ್ಣ ಬಳಿಯುತ್ತಾರೆ. ಬಸವನಹುಳು ಅಲ್ಲಿ ಹುಡುಕಿದರೂ ಸಿಗದು. ಬಸವನಹುಳು ಇಲ್ಲವೆಂದರೆ ಕಣ್ಣಿಗೆ ಹುಳ ಎಲ್ಲಿಂದ ಬರಬೇಕು? ಹಕ್ಕಿ ತಿಂದು ಶುದ್ಧಿ ಮಾಡಿದ್ದೂ ಇಲ್ಲ, ಗಟ್ಟಿಯಾದವು ಉಳಿದದ್ದೂ ಇಲ್ಲ. ಪಂಪ್ ಆಪರೇಟರ್ ಮೋಟಾರಿನ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ಕೂರಿಸಿ ಇವನಿಗೆ ಚಹಾ ಕೊಡುತ್ತಿದ್ದ, ಇವನು ಕುಡಿಯುತ್ತ ಕೂತಲ್ಲಿಂದಲೇ ಬಲೆ ಅದ್ದುತ್ತಿದ್ದ. ಅವಳ ಜೀವಮಾನದ ಸಾಧನೆ ಅಷ್ಟೇ, ಒಬ್ಬ ಗಂಡಸಿನ ಮೈಗಳ್ಳತನದ ಚರಿತ್ರೆ.

"ಅಯ್ಯೋ ನನ್ನ ಕರ್ಮವೇ! ಇಷ್ಟು ವರ್ಷ ನನ್ನ ಮುಖಕ್ಕೆ ಮಂಕುಬೂದಿ ಎರಚಿದ್ರಲ್ಲಾ! ನಾಲ್ಕು ಹೆಜ್ಜೆ ಹೊಳೆಗಿಳಿಯೋಕೆ ನಿಮಗೇನಾಗಿತ್ತು ಧಾಡಿ?"

"ನೀನೇ ತಾನೆ ಆಣೆ ಹಾಕಿದ್ದು?" ಎಂದ ಬಲೆರಾಯ.

"ಯಾವ ಆಣೆ?"

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ಅವರಿಗೆ ಕಿವಿ ಮಂದ, ಆದರೆ ಗಂಡ ಹೆಂಡಿರ ಜಗಳ ಮಾತ್ರ ಸ್ವಚ್ಛವಾಗಿ ಕೇಳಿಸುತ್ತಿತ್ತು. "ಮರೆತುಹೋಯ್ತೇನೆ? ಆಸ್ಪತ್ರೆಯಲ್ಲಿ ಎಲ್ಲರ ಎದುರಿಗೆ ಕೂಗಾಡಿದ್ದೆಯಲ್ಲೇ! ನರ್ಸು ಬಂದು ಬಾಯಿ ಮುಚ್ಚು ಅಂದಿರಲಿಲ್ವಾ?"

ಆಗ ಅವಳಿಗೆ ನೆನಪಾಯಿತು. ಮದುವೆಯಾದ ಮೊದಲ ಚಳಿಗಾಲ. ಚಳಿ ಬಿದ್ದ ಮೊದಲ ದಿನವೇ ಹೊಳೆಗಿಳಿದು ಬರಿಗೈಯಲ್ಲಿ ಬಂದವನಿಗೆ ಜ್ವರ ಏರಿ, ಎದೆ ಕಟ್ಟಿ, ನ್ಯುಮೋನಿಯಾ ಆಗಿತ್ತು. ಉಸಿರು ಎಳೆದುಕೊಳ್ಳುವಾಗ ಹಳೆಯ ಬಾಗಿಲಿನಂತೆ ಸದ್ದು ಬರುತ್ತಿತ್ತು. ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ಕಣ್ಣುಬಿಟ್ಟ ದಿನ ಅವಳು ಅಳುವುದನ್ನು ಬಿಟ್ಟು ಬೈದಿದ್ದಳು. "ಇನ್ನೊಂದ್ಸಲ ಚಳಿಗಾಲದಲ್ಲಿ ಆ ಹೊಳೆಗೆ ಕಾಲಿಟ್ರೆ ನನ್ನ ಹೆಣ ನೋಡಿದಷ್ಟೇ ಆಣೆ!" ಎಂದಿದ್ದಳು.

ಅವಳು ಆಣೆ ಹಾಕುವುದೇನು ಹೊಸತೇ? ದಿನಕ್ಕೆ ನಾಲ್ಕು ಹಾಕುತ್ತಿದ್ದಳು. ಒದ್ದೆ ಟವೆಲ್ ಹಾಸಿಗೆಯ ಮೇಲೆ ಹಾಕಿದರೆ ಆಣೆ, ಸೋಪು ಬಚ್ಚಲ ನೆಲದ ಮೇಲೆ ಬಿಟ್ಟರೆ ಆಣೆ. ಒಂದನ್ನೂ ಅವನು ಕೇಳಿದವನಲ್ಲ, ಸೋಪಿನ ಆಣೆ ಕೇಳಿದ್ದರೆ ಇವತ್ತು ಕಾಲಾದರೂ ನೆಟ್ಟಗಿರುತ್ತಿತ್ತು. ಇಡೀ ಸಂಸಾರದಲ್ಲಿ ಈ ಮಹಾನುಭಾವ ನಡೆಸಿಕೊಟ್ಟದ್ದು ಆ ಒಂದೇ ಮಾತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಎದ್ದುಹೋಗಿ ಅವನ ಕಾಲಿಗೆ ಶಾಖ ಕೊಡಲು ನೀರು ಕಾಯಿಸಿದಳು.

ಸಂಕಟ ಈಗ ಶುರುವಾಯಿತು. ಬಾಯಿ ಬಿಟ್ಟರೆ ಗಂಡನ ಕೆಲಸ ಹೋಗುತ್ತದೆ. ಹೊಳೆಯ ಹೆಸರು ಹೇಳಿ ಕೊಳದ ಮೀನು ಕೊಟ್ಟವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬಾಯಿ ಮುಚ್ಚಿಕೊಂಡರೆ ತೊಟ್ಟಿಯಲ್ಲಿ ಪಿಳಿಪಿಳಿ ಎನ್ನುತ್ತಿರುವ ಆ ವರ್ಷದ ಮರಿಗಳೆಲ್ಲ ಹುಳ ತುಂಬಿದ ಹೊಳೆಗೆ ಬೀಳುತ್ತವೆ, ಬೇಸಿಗೆಯ ಬಿಸಿಲು ಏರುವಷ್ಟರಲ್ಲಿ ಕುರುಡಾಗುತ್ತವೆ, ಹಕ್ಕಿಗಳಿಗೆ ಔತಣ. ದಂಡೆಯ ಬಲೆಗಳು ಒಣಗಿದಲ್ಲೇ ಒಣಗುತ್ತವೆ. ಉಗುಳಲೂ ಆಗದ ನುಂಗಲೂ ಆಗದ ಬಿಸಿ ತುಪ್ಪ ಎಂದರೆ ಇದೇ.

ಮರುದಿನ ಅವಳು ನಿರ್ದೇಶಕರ ಕೋಣೆಗೆ ಹೋದಳು. "ಸರ್, ಹೊಳೆಯಲ್ಲಿ ಈಗಲೂ ಹುಳ ಇದೆ. ನಾನೇ ಇಳಿದು ತಂದು ನೋಡಿದೆ. ಮರಿ ಬಿಡೋದು ಬೇಡ."

ನಿರ್ದೇಶಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ಬ್ಯಾನರ್ ಪ್ರಿಂಟ್ ಆಗಿದೆಯಲ್ಲಮ್ಮ," ಎಂದರು.

"ಸರ್, ಹುಳ..."

"ಹುಳ ಈ ವರ್ಷ ಸ್ವಲ್ಪ ದಾರಿ ತಪ್ಪಿರಬಹುದು. ಇಷ್ಟು ವರ್ಷದ ಸತ್ಯ ಒಂದು ವಾರದಲ್ಲಿ ಸುಳ್ಳಾಗುತ್ತಾ? ಸೋಮವಾರ ಮುಗೀಲಿ. ಮಂಗಳವಾರ ಬೇಕಾದಷ್ಟು ಹುಳ ನೋಡೋಣ." ಬಾಗಿಲವರೆಗೂ ಬಂದು ಬೀಳ್ಕೊಟ್ಟರು. ಮರ್ಯಾದಸ್ತರು.

ಸೋಮವಾರ ದಂಡೆಯ ಮೇಲೆ ಬ್ಯಾನರ್ ಗಾಳಿಗೆ ಪಟಪಟ ಬಡಿಯುತ್ತಿತ್ತು. ಮರಿ ತುಂಬಿದ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ಹೆಗಲ ಮೇಲೆ ಶಾಲು, ಕೈಗೆ ಕೈಗವಸು, ಕಿವಿಗೆ ಟೋಪಿ ಹಾಕಿಕೊಂಡ ಮೇಲಧಿಕಾರಿಗಳು ಹೊಳೆಯಿಂದ ಗೌರವಯುತ ದೂರದಲ್ಲಿ ಕುರ್ಚಿಯಲ್ಲಿದ್ದರು. ಹಿಂದೆ ದಂಡೆಯ ಮನೆಗಳವರು. ಬಲೆರಾಯ ಕೋಲೂರಿಕೊಂಡು ಬಂದು ಒಂದು ಕಂಬಕ್ಕೆ ಒರಗಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಬೆಳಗ್ಗೆ ಹೊರಡುವಾಗ ಹೆಂಡತಿ ಅವನಿಗೆ ಹೇಳಿದ್ದು ಒಂದೇ ಮಾತು, "ನೀವು ಬಾಯಿ ಬಿಡ್ಬೇಡಿ."

ನಿರ್ದೇಶಕರು ಮಾತು ಮುಗಿಸಿ ಮೊದಲ ಡ್ರಮ್ಮಿಗೆ ಕೈ ಹಾಕುವಷ್ಟರಲ್ಲಿ ಹುಳದಕ್ಕ ಮೈಕ್ರೋಸ್ಕೋಪ್ ತಬ್ಬಿಕೊಂಡು ಬಂದು ಹಿರಿಯ ಅಧಿಕಾರಿಯ ಎದುರಿನ ಮೇಜಿನ ಮೇಲೆ, ಹೂಗುಚ್ಛ ಸರಿಸಿ, ಇಟ್ಟಳು. "ಸರ್, ಇದು ಇವತ್ತು ಬೆಳಗ್ಗೆ ಇದೇ ಹೊಳೆಯಲ್ಲಿ ನಾನು ಹಿಡಿದ ಮರಿಯ ಕಣ್ಣು. ಒಂದ್ಸಲ ನೋಡಿ."

ಇದೂ ಕಾರ್ಯಕ್ರಮದ ಒಂದು ಭಾಗವಿರಬೇಕೆಂದು ಆತ ನಗುತ್ತಲೇ ಬಗ್ಗಿದರು. ಮರುಕ್ಷಣ "ಥೂ!" ಎಂದು ಹಿಂದೆ ಸರಿದರು. "ಏನ್ರೀ ಇದು, ಓಡಾಡ್ತಿವೆ!"

"ಹುಳ ಸರ್. ಹೊಳೆಯ ಮರಿಗಳ ಕಣ್ಣಲ್ಲೆಲ್ಲ ಇದೆ. ಚಳಿಗಾಲದ ಶುದ್ಧಿ ಅನ್ನೋದು ತಪ್ಪು. ಈ ಮರಿಗಳನ್ನ ಇಲ್ಲಿ ಬಿಟ್ರೆ ಒಂದೂ ಉಳಿಯಲ್ಲ."

ದಂಡೆ ಒಮ್ಮೆಲೇ ಗುಜುಗುಜು ಎಂದಿತು. ಡ್ರಮ್ಮಿನಿಂದ ಕೈ ತೆಗೆದ ನಿರ್ದೇಶಕರು ಎಂದೂ ಕೇಳದಿದ್ದ ಒಳ್ಳೆಯ ಪ್ರಶ್ನೆಯೊಂದನ್ನು ಕೊನೆಗೂ ಕೇಳಿದರು. "ಹಾಗಾದ್ರೆ ಇಷ್ಟು ವರ್ಷ ಚಳಿಗಾಲದ ಮರಿಗಳನ್ನ ತಂದಿದ್ದು ಯಾರು? ಎಲ್ಲಿಂದ?"

ಎಲ್ಲರ ತಲೆಗಳೂ ಕಂಬದ ಕಡೆ ತಿರುಗತೊಡಗಿದವು.

"ಪಂಪ್‌ಹೌಸಿನ ಕೊಳದಿಂದ," ಎಂದಳು ಹುಳದಕ್ಕ ಗಟ್ಟಿಯಾಗಿ. "ಚಳಿಗಾಲದಲ್ಲಿ ಹೊಳೆಗೆ ಇಳೀಬೇಡಿ ಅಂತ ಹೇಳಿದ್ದು ನಾನು. ಅವರು ನನ್ನ ಮಾತು ಕೇಳಿದ್ರು, ಅಷ್ಟೇ. ತಪ್ಪು ನನ್ನದು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಂದು ಆ ದಂಡೆಯ ಮೇಲೆ ಆಡಿದ ಮಾತುಗಳಲ್ಲಿ ಆ ಯೋಗ್ಯತೆ ಇದ್ದದ್ದು ಅದೊಂದಕ್ಕೇ.

ಡ್ರಮ್ಮುಗಳು ಬಂದ ದಾರಿಯಲ್ಲೇ ತೊಟ್ಟಿಗೆ ಮರಳಿದವು. ಬಡ್ತಿಯ ಕಾಗದವೂ ಬಂದ ದಾರಿಯಲ್ಲೇ ಮರಳಿತು. ಅವಳಿಗೆ ಛೀಮಾರಿಯ ಪತ್ರ ಬಂತು, ಬಲೆರಾಯನಿಗೆ ಎಚ್ಚರಿಕೆಯ ಮಾತು. ನಿರ್ದೇಶಕರದೋ, ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ನಿವೃತ್ತಿಗೆ ಮುಂಚೆ ಅವರು 'ಚಳಿಗಾಲದ ಶುದ್ಧಿ: ಒಂದು ಭ್ರಮೆ' ಎಂಬ ಲೇಖನ ಪ್ರಕಟಿಸಿದರು. ಹಿಂದಿನವರ ಆತುರವನ್ನು ಅದರಲ್ಲಿ ಖಾರವಾಗಿ ಟೀಕಿಸಿದ್ದರು. ಹಿಂದಿನವರು ಯಾರು ಎಂದು ಬರೆಯುವ ಅಸಭ್ಯತೆಗೆ ಇಳಿಯಲಿಲ್ಲ. ಮರಿಗಳನ್ನು ಎಂದಿನಂತೆ ಕೆಳಗಿನ ಕೆರೆಗಳಿಗೆ ಬಿಟ್ಟರು. ಅವು ಬೆಳೆದ ಮೇಲೆ ದಂಡೆಯವರು ಅಲ್ಲಿಗೆ ನಡೆದುಹೋಗಿ ಬಲೆ ಬೀಸಿದರು, ಬರುವಾಗ ಹುಳದಕ್ಕನ ಮನೆಯ ಮುಂದೆ ನಿಂತು ಒಂದೆರಡು ಮೀನು ಕೊಟ್ಟರು. ಅತ್ತೆ ಮೀನಿನ ಕಣ್ಣನ್ನು ತಿರುಗಿಸಿ ತಿರುಗಿಸಿ ನೋಡಿಯೇ ಒಳಗೆ ತೆಗೆದುಕೊಂಡರು.

ಮತ್ತೆ ಚಳಿಗಾಲ ಬಂತು. ಮೊದಲಿನಿಂದ ಎಲ್ಲ ಎಣಿಸಬೇಕು, ಈ ಸಲ ನಿಜವಾದ ಹೊಳೆಯ ನಿಜವಾದ ಮರಿಗಳನ್ನು. ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ದಂಡೆಗೆ ಬಂದರು. ಮಂಜಿನಲ್ಲಿ ಆಚೆಯ ದಡ ಕಾಣುತ್ತಿರಲಿಲ್ಲ. ಬಲೆರಾಯ ಬಲೆ ಬಿಡಿಸಿ, ಚಪ್ಪಲಿ ಕಳಚಿ, ನೀರಿನ ಅಂಚಿಗೆ ಹೋಗಿ ನಿಂತುಬಿಟ್ಟ.

"ಏನ್ರೀ, ಯಾಕೆ ನಿಂತ್ರಿ?"

"ಇವಳೇ, ಆಣೆ ಇನ್ನೂ ಇದೆಯಲ್ಲ. ನೀನು ಬಿಡಿಸಿದ್ರೆ ಇಳೀತೀನಿ," ಎಂದ. ಹೇಳುವಾಗಲೇ ಒಮ್ಮೆ ಕೆಮ್ಮಿದ. ಬರಿಯ ಬೆಳಗಿನ ಕೆಮ್ಮು, ಯಾರಿಗೂ ಬರುವಂಥದ್ದು.

ಬಿಡಿಸಲು ಒಂದು ಮಾತು ಸಾಕಿತ್ತು. ಇಲಾಖೆಯ ಕೆಲಸ, ಅವನ ಸಂಬಳವೇ ಅದಕ್ಕೆ, ಅವಳ ಮರ್ಯಾದೆ ಉಳಿದಿದ್ದರೆ ಅದೂ ಈ ಎಣಿಕೆಯಲ್ಲೇ ಇತ್ತು. ಹುಳದಕ್ಕ ಅವನ ಎದೆಯನ್ನು ನೋಡಿದಳು, ಹೊಳೆಯನ್ನು ನೋಡಿದಳು. ಬಟ್ಟೆ ಮೊಣಕಾಲ ಮೇಲೆ ಎತ್ತಿ ಕಟ್ಟಿ, ಬಲೆಯನ್ನು ಅವನ ಕೈಯಿಂದ ಕಿತ್ತುಕೊಂಡಳು.

"ಬಿಡಿಸಲ್ಲ, ಅಲ್ಲೇ ನಿಂತಿರಿ," ಎಂದು ನೀರಿಗಿಳಿದಳು.